ಮಾಡಿನ ಶೀಟಿಗೆ ಕೋಟಿಂಗ್: ಹೊಡೆಸಬೇಕಾ, ಬೇಡವಾ?

ಪ್ರಶ್ನೆ: ಭಾಗಮಂಡಲದ ಕಡೆ ನಮ್ಮ ಮನೆ. ಹಂಚು ತೆಗೆಸಿ ಜಿಂಕ್ ಶೀಟ್ ಹಾಕಿಸಿ ಹತ್ತು ವರ್ಷದ ಮೇಲಾಯಿತು. ಅಂಚಿನಲ್ಲಿ, ಸ್ಕ್ರೂ ಸುತ್ತ ತುಕ್ಕು ಕಾಣುತ್ತಿದೆ. ಎರಡು ಕಡೆ ಸೋರುತ್ತದೆ. ಕೋಟಿಂಗ್ ಹೊಡೆಸಿದರೆ ಇನ್ನಷ್ಟು ವರ್ಷ ಬಾಳಿಕೆ ಬರುತ್ತೆ ಅಂತಾರೆ. ನಿಜವಾ, ಸುಮ್ನೆ ದುಡ್ಡು ದಂಡವಾ?

ಉತ್ತರ: ಬಾಳಿಕೆ ಬರುತ್ತದೆ. ಆದರೆ ಕೋಟಿಂಗ್ ಅನ್ನೋದು ಸೋರಿಕೆಗೆ ಮದ್ದಲ್ಲ, ಅದನ್ನು ಮೊದಲು ತಲೆಯಿಂದ ತೆಗೆದುಬಿಡಿ. ಜಿಂಕ್ ಶೀಟ್ ಅಂದರೆ ಒಳಗೆ ಉಕ್ಕು, ಮೇಲೆ ತೆಳ್ಳಗೆ ಸತು. ಆ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಗೀರು ಬಿದ್ದರೂ ಪಕ್ಕದ ಸತು ಸ್ವಲ್ಪ ಕಾಲ ಕಾಯುತ್ತದೆ. ಮಳೆ ಬಂದು, ಬಿಸಿಲು ಬಿದ್ದು, ಒಣಗುತ್ತಾ ಇದ್ದರೆ ಸತುವಿನ ಮೇಲೆ ಬೂದು ಬಣ್ಣದ ಗಟ್ಟಿ ಪೊರೆ ಕಟ್ಟುತ್ತದೆ, ಆಮೇಲೆ ಸವೆಯೋದು ನಿಧಾನ. ನಮ್ಮ ಕೊಡಗಿನಲ್ಲಿ ಒಣಗೋದು ಯಾವಾಗ ಹೇಳಿ? ಮಡಿಕೇರಿಯಲ್ಲೇ ವರ್ಷಕ್ಕೆ 3000 ಮಿ.ಮೀ. ದಾಟುತ್ತದೆ, ನಿಮ್ಮ ಕಡೆ ಅದಕ್ಕಿಂತ ಜಾಸ್ತಿ. ಜೂನ್‌ನಲ್ಲಿ ಒದ್ದೆಯಾದ ಮಾಡು ಸೆಪ್ಟೆಂಬರ್ ತನಕ ಒದ್ದೆಯೇ. ಕೋಟಿಂಗ್‌ನ ಲಾಭ ಇಲ್ಲೇ ಇರೋದು: ನೀರು ಸತುವಿಗೆ ನೇರವಾಗಿ ತಾಗುವುದಿಲ್ಲ. ಹಾಗಾಗಿ ಸತು ಇನ್ನೂ ಇರುವಾಗಲೇ ಹೊಡೆಸಬೇಕು. ಕೆಂಪಗಾದ ಮೇಲೆ ಹೊಡೆದರೂ ಉಪಯೋಗ ಇದೆ, ಆದರೆ ಕೆಲಸ ದುಪ್ಪಟ್ಟು, ಬಾಳಿಕೆ ಕಮ್ಮಿ.

ಈಗ ನೀವು ಒಂದು ಸ್ಕ್ರೂಡ್ರೈವರ್ ಹಿಡಿದು ಮಾಡು ಹತ್ತಿ. ಮರದ ಪಟ್ಟಿ ಇರುವ ಸಾಲಿನಲ್ಲೇ ಹಲಗೆ ಹಾಕಿ ಕಾಲಿಡಬೇಕು, ಹಳೇ ಶೀಟನ್ನು ನಂಬಬೇಡಿ. ತುಕ್ಕಿನ ಜಾಗಕ್ಕೆ ಗಟ್ಟಿಯಾಗಿ ಒತ್ತಿ ನೋಡಿ. ತೂತಾದರೆ ಆ ಶೀಟ್ ಬದಲಾಯಿಸಿ, ಅದಕ್ಕೆ ಯಾವ ಪೇಂಟೂ ಬೇಡ. ತೂತಾಗದಿದ್ದರೆ ಸ್ಕ್ರೂ ನೋಡಿ. ಹತ್ತು ವರ್ಷದಲ್ಲಿ ಅದರ ಕೆಳಗಿನ ರಬ್ಬರ್ ವಾಷರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಬಹುಪಾಲು ಸೋರಿಕೆ ಅಲ್ಲಿಂದಲೇ. ಹಳೆಯದಕ್ಕಿಂತ ಒಂದು ಸೈಜ್ ದಪ್ಪದ ಸ್ಕ್ರೂ, ಹೊಸ ವಾಷರ್ ಹಾಕಿಸಿ. ಸಂದಿಗೆ ಸಿಲಿಕೋನ್ ಹಾಕೋದಾದರೆ ವಿನೆಗರ್ ವಾಸನೆ ಬರುವಂಥದ್ದು ಬೇಡ, ಆ ಹುಳಿ ಸತುವನ್ನೇ ತಿನ್ನುತ್ತದೆ. ಅಂಗಡಿಯಲ್ಲಿ ನ್ಯೂಟ್ರಲ್ ಅಂತ ಕೇಳಿ.

ತೋಟದ ಮನೆಯವರು ಕೇಳದ ಒಂದು ವಿಷಯ ನಾನೇ ಹೇಳುತ್ತೇನೆ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪಡಣೆ ದ್ರಾವಣ) ಮಾಡುವಾಗ ಕಬ್ಬಿಣದ ಕತ್ತಿ ಅದ್ದಿ ನೋಡುತ್ತೀರಲ್ಲ, ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು ಅಂತ? ಅದೇ ತಾಮ್ರ ಸಿಂಪಡಣೆ ಹೊತ್ತಲ್ಲಿ ಗಾಳಿಗೆ ಹಾರಿ ಶೀಟಿನ ಮೇಲೆ ಬಿದ್ದರೆ ಅಲ್ಲಿ ಸತು ಬೇಗ ಬೇಗ ಕರಗುತ್ತದೆ. ಮನೆ ಪಕ್ಕದ ಮೆಣಸಿನ ಬಳ್ಳಿಗೆ ಹೊಡೆದ ದಿನವೇ ಮಾಡಿಗೆ ನೀರು ಬಿಡಿ. ಸಿಲ್ವರ್ ಓಕ್ ಎಲೆಯೂ ಅಷ್ಟೇ. ಮಾಡಿನ ಮೂಲೆಯಲ್ಲಿ ರಾಶಿ ಬಿದ್ದು ಕೊಳೆತರೆ ಮಳೆ ನಿಂತ ಮೇಲೂ ಅಲ್ಲಿ ತೇವ ಆರುವುದಿಲ್ಲ. ಗುಡಿಸಿ ತೆಗೆಯಿರಿ, ಖರ್ಚಿಲ್ಲದ ಕೋಟಿಂಗ್ ಅದು.

ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಕಾಫಿ ಕುಯ್ಲಿನ ಹೊತ್ತು, ಆಳು ಸಿಗೋದು ಕಷ್ಟ ಅಂತ ಗೊತ್ತು. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಶುರುವಾದರೆ ನಡುವೆ ಸಿಕ್ಕಿಹಾಕಿಕೊಳ್ಳುತ್ತೀರಿ. ಬೆಳಿಗ್ಗೆ ಬೇಗ ಹೊಡೆಯಲು ಬಿಡಬೇಡಿ. ಶೀಟಿನ ಮೇಲೆ ಮಂಜಿನ ಹನಿ ಕಣ್ಣಿಗೆ ಕಾಣದಿದ್ದರೂ ಕೈ ಸವರಿದರೆ ಗೊತ್ತಾಗುತ್ತದೆ. ಬಿಸಿಲೇರಿ ಶೀಟ್ ಪೂರ್ತಿ ಒಣಗಿದ ಮೇಲೆ ಶುರು ಮಾಡಿ, ಸಂಜೆ ಇಬ್ಬನಿ ಬೀಳುವಷ್ಟರಲ್ಲಿ ಪೇಂಟ್ ಒಣಗಿರಬೇಕು. ಪಾಚಿ ಉಜ್ಜಿ ತೊಳೆದು, ತುಕ್ಕಿಗೆ ವೈರ್ ಬ್ರಷ್ ಹಾಕಿ, ಕೆಂಪಾದ ಜಾಗಕ್ಕೆಲ್ಲ ಜಿಂಕ್ ಫಾಸ್ಫೇಟ್ ಪ್ರೈಮರ್ ಕೊಟ್ಟು, ಆಮೇಲೆ ತೆಳ್ಳಗೆ ಎರಡು ಕೈ ಹೊಡೆಸಿ. ಒಂದೇ ಸಲ ದಪ್ಪಗೆ ಬಳಿದರೆ ಬೇಗ ಮುಗಿಯುತ್ತೆ, ಬೇಗ ಏಳುತ್ತೆ ಕೂಡ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ಲೈನ್ ಮನೆಗಳಿಗೆ (ತೋಟದ ಕಾರ್ಮಿಕರ ಸಾಲು ಮನೆಗಳಿಗೆ) ಹೊಸ ಜಿಂಕ್ ಶೀಟ್ ಹಾಕಿದ ತಕ್ಷಣ ಒಳ್ಳೆ ಕಂಪನಿಯ ಎನಾಮಲ್ ಪೇಂಟ್ ಹೊಡೆಸಿದೆವು. ಎರಡೇ ಮಳೆಗಾಲಕ್ಕೆ ಹಾಳೆ ಹಾಳೆಯಾಗಿ ಎದ್ದು ಬಂತು. ಪೇಂಟ್ ಡೂಪ್ಲಿಕೇಟಾ?

ಉತ್ತರ: ಡೂಪ್ಲಿಕೇಟ್ ಇರಲಾರದು, ಜೋಡಿ ತಪ್ಪಾಗಿದೆ ಅಷ್ಟೇ. ಮಾಮೂಲಿ ಎನಾಮಲ್‌ನಲ್ಲಿ ಎಣ್ಣೆ ಇರುತ್ತದೆ. ತೇವ ಸಿಕ್ಕಾಗ ಅದು ಸತುವಿನ ಜೊತೆ ಸೇರಿ ಅಡಿಯಲ್ಲಿ ಸೋಪಿನಂಥ ಪದರ ಕಟ್ಟುತ್ತದೆ. ಮೇಲಿನಿಂದ ಪೇಂಟ್ ಹೊಳೆಯುತ್ತಾ ಇರುತ್ತದೆ, ಒಳಗಿಂದ ಹಿಡಿತ ಹೋಗಿರುತ್ತದೆ. ಎದ್ದ ಚೂರನ್ನು ತಿರುಗಿಸಿ ನೋಡಿ, ಅದರ ಬೆನ್ನಿಗೆ ತುಕ್ಕು ಇರುವುದಿಲ್ಲ, ಕೆಳಗೆ ಶೀಟ್ ಬೆಳ್ಳಗೇ ಇರುತ್ತದೆ. ಅಂದರೆ ಶೀಟ್ ಕೆಟ್ಟಿಲ್ಲ, ಬಚಾವಾದಿರಿ. ಪೂರ್ತಿ ಕೆರೆಸಿ. ಸತುವಿಗೇ ಅಂತ ಬರುವ ಎಚ್ (etch) ಪ್ರೈಮರ್ ಕೊಟ್ಟು ಮೇಲೆ ಅಕ್ರಿಲಿಕ್ ಹಾಕಿಸಿ. ಕೈಯಲ್ಲಿ ದುಡ್ಡಿದ್ದರೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್. ಎಪಾಕ್ಸಿ ಒಂದನ್ನೇ ಹಾಕಿ ಬಿಡಬೇಡಿ, ಬಿಸಿಲಿಗೆ ಪುಡಿಪುಡಿಯಾಗುತ್ತದೆ. ರೆಡ್ ಆಕ್ಸೈಡ್ ಬರೀ ಕಬ್ಬಿಣಕ್ಕೆ ಸರಿ, ಹೊಸ ಜಿಂಕ್ ಶೀಟಿಗಲ್ಲ, ಮೇಸ್ತ್ರಿ ಏನೇ ಹೇಳಲಿ.

ಪ್ರಶ್ನೆ: ಕುಶಾಲನಗರದಲ್ಲಿದ್ದೇವೆ. ಬಿಳಿ ಕೂಲ್ ರೂಫ್ ಕೋಟಿಂಗ್‌ನಿಂದ ಸೆಖೆ ಕಮ್ಮಿಯಾಗುತ್ತದಾ? ಮಾಡಿನ ನೀರನ್ನು ಕುಡಿಯಲು ಹಿಡಿಯುತ್ತೇವೆ, ತೊಂದರೆ ಇದೆಯಾ?

ಉತ್ತರ: ಕುಶಾಲನಗರಕ್ಕಾದರೆ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಮಾರ್ಚ್–ಏಪ್ರಿಲ್‌ನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮಡಿಕೇರಿಯವರು ಸೆಖೆಗೋಸ್ಕರ ಅಷ್ಟು ಖರ್ಚು ಮಾಡಬೇಕಿಲ್ಲ. ಬಿಳಿಯ ಮೇಲೆ ಪಾಚಿ ಹತ್ತಿ ಕಪ್ಪಾದರೆ ಲಾಭವೂ ಹೋಯಿತು, ಮಳೆ ಕಳೆದ ಮೇಲೆ ತೊಳೆಸಲೇಬೇಕು. ಮಳೆಯ ಸದ್ದೂ ಕಮ್ಮಿಯಾಗುತ್ತೆ ಅಂತ ಮಾರುವವರಿದ್ದಾರೆ. ಇಷ್ಟು ತೆಳು ಪದರದಿಂದ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಆಗುವುದಿಲ್ಲ.

ನೀರಿನ ವಿಷಯದಲ್ಲಿ ಹುಷಾರು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಅದು ಮನೆ ಬಳಕೆಯ ಪೇಂಟಿಗೆ ಮಾತ್ರ, ಕಾರ್ಖಾನೆಗೆ ಅಂತ ಮಾರುವ ಡಬ್ಬಿಗೆ ಅಲ್ಲ. ಕುಡಿಯುವ ನೀರು ಹಿಡಿಯುವ ಮಾಡಿಗೆ ಹಾಕಬಹುದು ಅಂತ ಡಬ್ಬಿಯ ವಿವರ ಪತ್ರದಲ್ಲಿ ಬರೆದಿದ್ದರೆ ಮಾತ್ರ ತನ್ನಿ. ಹೊಡೆಸಿದ ಮೇಲೆ ಮೊದಲ ಕೆಲವು ಮಳೆಯ ನೀರನ್ನು ಟ್ಯಾಂಕಿಗೆ ಬಿಡದೆ ಹೊರಗೆ ಹರಿಸಿ.