ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ: ಡಿಜಿಟಲ್ ಬುಕ್‌ಲೆಟ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಕೋರ್ಸಿನ ಪರಿಚಯಕ್ಕೆಂದು ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ 16 ಪುಟಗಳ ಬುಕ್‌ಲೆಟ್ ಮಾಡಿ, ‘ಹೆಸರು ನೋಂದಾಯಿಸಿ’ ಎಂಬ ಬಟನ್ ಇಟ್ಟಿದ್ದೇವೆ. ನಮ್ಮ ಕಂಪ್ಯೂಟರ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ. ಮೊಬೈಲ್‌ನಲ್ಲಿ ತೆರೆದವರು ಮಾತ್ರ ‘ಒತ್ತಿದರೆ ಏನೂ ಆಗುವುದಿಲ್ಲ’ ಅನ್ನುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ನೀವು ಪರೀಕ್ಷಿಸಿದ್ದು ಇನ್‌ಡಿಸೈನ್‌ನ ಪ್ರಿವ್ಯೂ ಕಿಟಕಿಯಲ್ಲೋ, ಎಕ್ಸ್‌ಪೋರ್ಟ್ ಆಗಿ ಬಂದ ಪಿಡಿಎಫ್‌ನಲ್ಲೋ? ಪ್ರಿವ್ಯೂದಲ್ಲಿ ಓಡಿದ್ದೆಲ್ಲ ಪಿಡಿಎಫ್‌ನಲ್ಲಿ ಓಡಬೇಕೆಂದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ‘ಅಡೋಬಿ ಪಿಡಿಎಫ್ (ಇಂಟರ‍್ಯಾಕ್ಟಿವ್)’ ಆರಿಸಿ, ‘ಫಾರ್ಮ್ಸ್ ಆ್ಯಂಡ್ ಮೀಡಿಯಾ’ ಎಂಬಲ್ಲಿ ‘ಇನ್‌ಕ್ಲೂಡ್ ಆಲ್’ ಎಂದಿರಬೇಕು. ‘ಅಪಿಯರೆನ್ಸ್ ಓನ್ಲಿ’ ಎಂದಿದ್ದರೆ ಬಟನ್‌ನ ಚಿತ್ರವಷ್ಟೇ ಪುಟದಲ್ಲಿ ಉಳಿಯುತ್ತದೆ, ಜೀವ ಇರುವುದಿಲ್ಲ.

ಅದು ಸರಿಯಿದ್ದೂ ಮೊಬೈಲ್‌ನಲ್ಲಿ ಸುಮ್ಮನಿದ್ದರೆ ಕಾರಣ ಬೇರೆ. ‘ಬಟನ್ಸ್ ಆ್ಯಂಡ್ ಫಾರ್ಮ್ಸ್’ ಪ್ಯಾನೆಲ್‌ನಲ್ಲಿ ಮಾಡಿದ ಬಟನ್, ಪಿಡಿಎಫ್ ಒಳಗೆ ಅರ್ಜಿ ನಮೂನೆಯ ಒಂದು ಅಂಕಣವಾಗಿ ಕೂರುತ್ತದೆ. ಅಡೋಬಿಯ ಪಿಡಿಎಫ್ ಆ್ಯಪ್ ಅಕ್ರೋಬ್ಯಾಟ್ ಅದನ್ನು ಓದುತ್ತದೆ. ಮೆಸೇಜಿಂಗ್ ಆ್ಯಪ್ ಒಳಗಿನ ಪ್ರಿವ್ಯೂ, ಫೋನಿನ ಜೊತೆಗೇ ಬರುವ ವ್ಯೂವರ್‌ಗಳಲ್ಲಿ ಹಲವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾದಾ ಹೈಪರ್‌ಲಿಂಕ್ ಆದರೆ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಹಾಗಾಗಿ ವೆಬ್ ವಿಳಾಸಕ್ಕೆ ಕರೆದೊಯ್ಯುವುದಷ್ಟೇ ಕೆಲಸವಾಗಿದ್ದರೆ ಬಟನ್ ಪ್ಯಾನೆಲ್ಲಿನ ಗೊಡವೆಯೇ ಬೇಡ. ಬಣ್ಣ ತುಂಬಿದ ಚೌಕಟ್ಟು ಬರೆಯಿರಿ, ಒಳಗೆ ಅಕ್ಷರ ಹಾಕಿ, ಸೆಲೆಕ್ಷನ್ ಟೂಲ್‌ನಿಂದ ಇಡೀ ಚೌಕಟ್ಟನ್ನೇ ಆಯ್ದು ‘ಹೈಪರ್‌ಲಿಂಕ್ಸ್’ ಪ್ಯಾನೆಲ್‌ನಲ್ಲಿ ಹೊಸ ಲಿಂಕ್ ಕೊಡಿ. ಅಕ್ಷರಗಳನ್ನು ಮಾತ್ರ ಆಯ್ದರೆ ಅಕ್ಷರದ ಮೇಲೆ ಬೆರಳು ಬಿದ್ದಾಗಷ್ಟೇ ತೆರೆಯುತ್ತದೆ, ಸುತ್ತಲಿನ ಬಣ್ಣ ಸತ್ತಿರುತ್ತದೆ. ನೋಡುವವರಿಗೆ ಅದೂ ಬಟನ್ನೇ. ಚಿತ್ರ ತೋರಿಸು-ಮರೆಮಾಡು ಎಂಬಂಥ ಕೆಲಸಗಳಿಗೆ ಮಾತ್ರ ಅಸಲಿ ಬಟನ್ ಬೇಕು. ಮೊಬೈಲ್ ಓದುಗರೇ ಹೆಚ್ಚಿದ್ದರೆ ಅಂಥ ಆಟಗಳನ್ನು ಪಿಡಿಎಫ್‌ನಲ್ಲಿ ಇಡದಿರುವುದೇ ಲೇಸು.

ವಿಳಾಸವನ್ನೂ ಒಮ್ಮೆ ನೋಡಿ. ಮುಂದೆ ‘ಎಚ್‌ಟಿಟಿಪಿಎಸ್’ ಇಲ್ಲದಿದ್ದರೆ ಕೆಲವು ವ್ಯೂವರ್‌ಗಳು ಅದನ್ನು ಫೋನಿನೊಳಗಿನ ಕಡತವೆಂದು ತಿಳಿದು ಹುಡುಕಲು ಹೋಗುತ್ತವೆ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸುವಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡರೂ ‘ಪುಟ ಸಿಗಲಿಲ್ಲ’ ಎಂದು ಬರಬಹುದು. ಇನ್ನೊಂದು: ಕಳಿಸುವ ಮುನ್ನ ಯಾರಾದರೂ ಕಡತ ಚಿಕ್ಕದಾಗಲೆಂದು ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟಿದ್ದಾರೆಯೇ ಕೇಳಿ. ಹಾಗೆ ಕೊಟ್ಟರೆ ಕಾಗದಕ್ಕೆ ಮುದ್ರಿಸಿದಂತೆಯೇ ಲೆಕ್ಕ, ಲಿಂಕ್‌ಗಳೆಲ್ಲ ಉದುರಿಹೋಗುತ್ತವೆ.

ಪ್ರಶ್ನೆ: ಬಟನ್ ಎಷ್ಟು ದೊಡ್ಡದಿರಬೇಕು? ನಾವು ಎ4 ಪುಟದಲ್ಲಿ 12 ಮಿ.ಮೀ. ಎತ್ತರ ಇಟ್ಟಿದ್ದೇವೆ. ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಉತ್ತರ: ಎ4 ಪುಟದ ಅಗಲ 210 ಮಿ.ಮೀ. ಫೋನಿನ ಪರದೆ ಹೆಚ್ಚುಕಡಿಮೆ 65ರಿಂದ 70 ಮಿ.ಮೀ. ಅಂದರೆ ಇಡೀ ಪುಟ ಮೂರನೇ ಒಂದಕ್ಕೆ ಕುಗ್ಗುತ್ತದೆ, ನಿಮ್ಮ 12 ಮಿ.ಮೀ. ಬಟನ್ 4 ಮಿ.ಮೀ. ಆಗುತ್ತದೆ. ಬೆರಳ ತುದಿಗೆ ಆರಾಮಾಗಿ ಸಿಗಲು 7ರಿಂದ 9 ಮಿ.ಮೀ. ಬೇಕು. ಎ4ನಲ್ಲೇ ಇದನ್ನು ಸಾಧಿಸಲು ಹೊರಟರೆ 21ರಿಂದ 27 ಮಿ.ಮೀ. ಎತ್ತರದ ಬಟನ್ ಇಡಬೇಕಾಗುತ್ತದೆ, ಕಂಪ್ಯೂಟರ್‌ನಲ್ಲಿ ಅದು ಬ್ಯಾನರ್‌ನಂತೆ ಕಾಣುತ್ತದೆ.

ಬಟನ್ ಹಿಗ್ಗಿಸುವ ಬದಲು ಪುಟವನ್ನೇ ಬದಲಿಸಿ. ಮೊಬೈಲ್‌ಗಾಗಿ 1080×1920 ಪಿಕ್ಸೆಲ್‌ನ ಉದ್ದುದ್ದ ಪುಟ ತೆಗೆದುಕೊಂಡರೆ ಬಟನ್ ಎತ್ತರ 144 ಪಿಕ್ಸೆಲ್, ಅದರ ಅಕ್ಷರ 48 ಪಿಕ್ಸೆಲ್ ಇಟ್ಟರೆ ಸಾಕು. ಎರಡು ಬಟನ್ ಅಕ್ಕಪಕ್ಕ ಬಂದರೆ ನಡುವೆ ಕನಿಷ್ಠ 24 ಪಿಕ್ಸೆಲ್ ಬಿಡಿ, 40 ಬಿಟ್ಟರೆ ಇನ್ನೂ ಒಳ್ಳೆಯದು. 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿ) ಒತ್ತುವ ಜಾಗಕ್ಕೆ 24×24 ಸಿಎಸ್‌ಎಸ್ ಪಿಕ್ಸೆಲ್ (ಪರದೆಯ ಅಸಲಿ ಪಿಕ್ಸೆಲ್ ಅಲ್ಲ, ವೆಬ್ ಪುಟದ ಅಳತೆ) ಎನ್ನುತ್ತದಾದರೂ ಅದು ಕನಿಷ್ಠ ಮಿತಿ. ಅದನ್ನೇ ಗುರಿ ಮಾಡಿಕೊಂಡರೆ ದಪ್ಪ ಬೆರಳಿನವರು ಪಕ್ಕದ್ದನ್ನು ಒತ್ತುತ್ತಾರೆ.

ಬಣ್ಣದ ಮಾತೂ ಇಲ್ಲೇ ಬರಲಿ. ಕಿತ್ತಳೆ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಎಲ್ಲರಿಗೂ ಇಷ್ಟ. ಆದರೆ ಸಾಮಾನ್ಯ ಕಿತ್ತಳೆಯಲ್ಲಿ ಆ ಜೋಡಿಯ ಕಾಂಟ್ರಾಸ್ಟ್ (ಬೆಳಕಿನ ಅಂತರ) ಸುಮಾರು 2:1, ಇರಬೇಕಾದದ್ದು 4.5:1. ಬಿಸಿಲಲ್ಲಿ ಫೋನ್ ಹಿಡಿದವರಿಗೆ ಬಟನ್ ಖಾಲಿ ಪಟ್ಟಿಯಂತೆ ಕಾಣುತ್ತದೆ. ಅಕ್ಷರವನ್ನು ಕಪ್ಪು ಮಾಡಿ, ಇಲ್ಲವೇ ಕಿತ್ತಳೆಯನ್ನು ಇಟ್ಟಿಗೆ ಬಣ್ಣದವರೆಗೆ ಗಾಢಗೊಳಿಸಿ.

ಪ್ರಶ್ನೆ: ಪ್ರತಿ ಪುಟದಲ್ಲೂ ‘ಇಲ್ಲಿ ಕ್ಲಿಕ್ ಮಾಡಿ’ ಇಟ್ಟರೆ ಹೆಚ್ಚು ಜನ ಒತ್ತುತ್ತಾರಲ್ಲವೇ?

ಉತ್ತರ: ಇಲ್ಲ. ಪ್ರತಿ ಪುಟದ ಒಂದೇ ಮೂಲೆಯಲ್ಲಿ ಒಂದೇ ಬಟನ್ ಕಂಡರೆ ಕಣ್ಣು ಅದನ್ನು ಪುಟಸಂಖ್ಯೆಯ ಸಾಲಿಗೆ ಸೇರಿಸಿಬಿಡುತ್ತದೆ. ಇನ್‌ಡಿಸೈನ್‌ನ ಪೇರೆಂಟ್ ಪೇಜ್ ಎಂಬ ಮಾದರಿ ಪುಟದಲ್ಲಿ ಹಾಕಿದರೆ ಎಲ್ಲ ಪುಟಕ್ಕೂ ತಾನೇ ಬರುತ್ತದೆಂಬ ಸುಲಭಕ್ಕೆ ಈ ಅಭ್ಯಾಸ ಬೆಳೆದಿದೆ. ‘ಪರಿವಿಡಿಗೆ’, ‘ಹಿಂದಕ್ಕೆ’ ಎಂಬ ಓಡಾಟದ ಬಟನ್‌ಗಳಿಗೆ ಅದು ಸರಿ, ಓದುಗರನ್ನು ನೋಂದಣಿಗೆ ಕರೆಯುವ ಬಟನ್‌ಗೆ ಅಲ್ಲ.

ಓದುಗ ಯಾವ ಪುಟದಲ್ಲಿ ಮನಸ್ಸು ಮಾಡುತ್ತಾನೆ ಎಂದು ಹುಡುಕಿ, ಅಲ್ಲಿ ಇಡಿ. ಕೋರ್ಸಿನ ಬುಕ್‌ಲೆಟ್‌ನಲ್ಲಿ ಅದು ಸಾಮಾನ್ಯವಾಗಿ ಪಠ್ಯಕ್ರಮ ಮುಗಿದ ಕೂಡಲೇ ಒಂದು, ಶುಲ್ಕ ಮತ್ತು ದಿನಾಂಕದ ಕೆಳಗೆ ಇನ್ನೊಂದು, ಕೊನೆಯ ಪುಟದಲ್ಲಿ ಮತ್ತೊಂದು. 16 ಪುಟಕ್ಕೆ ಮೂರು ಸಾಕು. ಪಠ್ಯಕ್ರಮದ ಕೆಳಗೆ ‘ಮಾದರಿ ಪಾಠ ನೋಡಿ’, ಶುಲ್ಕದ ಕೆಳಗೆ ‘ಸೀಟು ಕಾಯ್ದಿರಿಸಿ’ ಎಂದು ಬರೆಯಿರಿ. ‘ಇಲ್ಲಿ ಕ್ಲಿಕ್ ಮಾಡಿ’ ಎಂದರೆ ಒತ್ತಿದ ಮೇಲೆ ಏನಾಗುತ್ತದೆಂದು ತಿಳಿಯುವುದಿಲ್ಲ. ಎರಡು-ಮೂರು ಪದಕ್ಕೆ ನಿಲ್ಲಿಸಿ. ಒತ್ತಿದರೆ ಹತ್ತು ಅಂಕಣಗಳ ಅರ್ಜಿ ತೆರೆಯುವುದಾದರೆ ಬಟನ್ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆಂದು ಹೇಳಿಬಿಡಿ. ಮುಚ್ಚಿಟ್ಟು ಕರೆತಂದರೆ ಬಂದವರು ಅರ್ಧಕ್ಕೇ ಎದ್ದು ಹೋಗುತ್ತಾರೆ.

ಪ್ರಶ್ನೆ: ಬುಕ್‌ಲೆಟ್ ಹಂಚಿ ಆಗಿದೆ. ಈಗ ನೋಂದಣಿ ಪುಟದ ವಿಳಾಸ ಬದಲಾಗಿದೆ. ಏನು ಮಾಡುವುದು? ಯಾವ ಪುಟದ ಬಟನ್ ಎಷ್ಟು ಜನ ಒತ್ತಿದರೆಂದು ತಿಳಿಯುವುದಾದರೂ ಹೇಗೆ?

ಉತ್ತರ: ಕೈಬಿಟ್ಟು ಹೋದ ಪಿಡಿಎಫ್ ತಿದ್ದಲು ಬರುವುದಿಲ್ಲ. ಸದ್ಯಕ್ಕೆ ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ (ತಾನಾಗಿ ತಿರುಗಿಸುವ ವ್ಯವಸ್ಥೆ) ಹಾಕಿಸಿ. ಮುಂದಿನ ಸಲ ಅಸಲಿ ವಿಳಾಸವನ್ನು ಬಟನ್‌ಗೆ ಕಟ್ಟಲೇಬೇಡಿ. ನಿಮ್ಮದೇ ಡೊಮೈನ್‌ನಲ್ಲಿ ಒಂದು ಚುಟುಕು ವಿಳಾಸ ಮಾಡಿ, ಅಲ್ಲಿಂದ ಬೇಕಾದ ಪುಟಕ್ಕೆ ತಿರುಗಿಸಿ. ಈ ತಿರುವು 302, ಅಂದರೆ ತಾತ್ಕಾಲಿಕ ಬಗೆಯದಿರಲಿ. 301 ಕೊಟ್ಟರೆ ಅದು ಶಾಶ್ವತವೆಂದು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ, ಒಮ್ಮೆ ಬಂದು ಹೋದವರು ನೀವು ಬದಲಿಸಿದ ಮೇಲೂ ಹಳೆಯ ಜಾಗಕ್ಕೇ ಹೋಗಬಹುದು. ಯಾರದ್ದೋ ಉಚಿತ ಶಾರ್ಟ್‌ಲಿಂಕ್ ಬೇಡ. ಅಕ್ರೋಬ್ಯಾಟ್ ಲಿಂಕ್ ತೆರೆಯುವ ಮುನ್ನ ವಿಳಾಸ ತೋರಿಸಿ ಅನುಮತಿ ಕೇಳುವುದುಂಟು, ಅಲ್ಲಿ ಗುರುತಿಲ್ಲದ ಹೆಸರು ಕಂಡರೆ ಜನ ಹಿಂಜರಿಯುತ್ತಾರೆ.

ಲೆಕ್ಕಕ್ಕೆ ಯುಟಿಎಂ ಟ್ಯಾಗ್‌ಗಳಿವೆ, ಅಂದರೆ ಭೇಟಿ ಎಲ್ಲಿಂದ ಬಂತೆಂದು ತಿಳಿಯಲು ವಿಳಾಸದ ಕೊನೆಗೆ ಸೇರಿಸುವ ಗುರುತುಗಳು. ‘ಸೋರ್ಸ್’ ಎಂಬಲ್ಲಿ ಬುಕ್‌ಲೆಟ್ ಹೆಸರು, ‘ಮೀಡಿಯಂ’ನಲ್ಲಿ ಪಿಡಿಎಫ್, ‘ಕಂಟೆಂಟ್’ನಲ್ಲಿ ಪುಟಸಂಖ್ಯೆ ಕೊಟ್ಟರೆ ಮೂರೂ ಬಟನ್ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಇಂಗ್ಲಿಷ್ ದೊಡ್ಡಕ್ಷರ ಒಂದು ಕಡೆ, ಸಣ್ಣಕ್ಷರ ಇನ್ನೊಂದು ಕಡೆ ಹಾಕಿದರೆ ಒಂದೇ ಬಟನ್ ಎರಡು ಸಾಲಾಗಿ ಕಾಣುತ್ತದೆ. ರೀಡೈರೆಕ್ಟ್ ಆದ ಮೇಲೂ ಟ್ಯಾಗ್ ಉಳಿದಿದೆಯೇ ಎಂದು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಕಣ್ಣಾರೆ ನೋಡಿ, ದಾರಿಯಲ್ಲೇ ಕಳೆದುಹೋಗುವುದು ಮಾಮೂಲು.

ಪ್ರಶ್ನೆ: ಅದೇ ಬುಕ್‌ಲೆಟ್ ಫ್ಲಿಪ್‌ಬುಕ್ (ಪರದೆಯ ಮೇಲೆ ಪುಟ ತಿರುವಿ ಓದುವ ಪುಸ್ತಕ) ಆಗಿಯೂ ಇದೆ. ಅಲ್ಲಿ ಬಟನ್ ಒತ್ತಿದರೆ ಪುಟ ತಿರುಗುತ್ತದೆ!

ಉತ್ತರ: ಬಟನ್ ಬಲ ಅಂಚಿಗೆ ಅಂಟಿಕೊಂಡಿರಬೇಕು. ಹೆಚ್ಚಿನ ಫ್ಲಿಪ್‌ಬುಕ್‌ಗಳಲ್ಲಿ ಪುಟದ ಅಂಚು, ಮೂಲೆಗಳು ಪುಟ ತಿರುವಲು ಮೀಸಲು. ಪುಟದ ಅಗಲದ ಹತ್ತರಲ್ಲೊಂದು ಪಾಲಿನಷ್ಟು ಒಳಗೆ ಸರಿಸಿ ನೋಡಿ. ಎರಡು ಪುಟ ಕೂಡುವ ನಡುಗೆರೆಯ ಮೇಲೂ ಇಡಬೇಡಿ. ಫೋನಿನಲ್ಲಿ ಒಂದೊಂದೇ ಪುಟ ಬರುವಾಗ ಬಟನ್ ಅರ್ಧಕ್ಕೆ ಸೀಳುತ್ತದೆ. ಫ್ಲಿಪ್‌ಬುಕ್‌ನಲ್ಲಿ ಲಿಂಕ್ ಹೊಸ ಟ್ಯಾಬ್‌ನಲ್ಲಿ ತೆರೆಯುವಂತೆ ಹೊಂದಿಸಬಹುದು. ಪಿಡಿಎಫ್‌ಗೆ ಅಂಥ ನಂಬಿಕೆಯ ದಾರಿಯಿಲ್ಲ. ಬ್ರೌಸರ್‌ನಲ್ಲಿ ಓದುತ್ತಿದ್ದವರ ಬುಕ್‌ಲೆಟ್ ಜಾಗದಲ್ಲೇ ನಿಮ್ಮ ಅರ್ಜಿ ಬಂದು ಕೂರಬಹುದು.

ಪ್ರಶ್ನೆ: ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ನಮ್ಮ ಬಟನ್ ಓದಿ ಹೇಳುತ್ತದೆಯೇ?

ಉತ್ತರ: ಅಕ್ಷರವನ್ನು ಚಿತ್ರವಾಗಿ ಅಂಟಿಸಿದ್ದರೆ, ಇಲ್ಲವೇ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಇಲ್ಲ, ಎರಡನೆಯದರಲ್ಲಿ ಕಿವಿಗೆ ಬೀಳುವುದು ಅರ್ಥವಿಲ್ಲದ ಅಕ್ಷರಗಳ ಸರಮಾಲೆ. ಯೂನಿಕೋಡ್ ಬಳಸಿ, ಇನ್‌ಡಿಸೈನ್‌ನಲ್ಲಿ ಅಕ್ಷರ ಜೋಡಿಸುವ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸಿ, ಒತ್ತಕ್ಷರ ಒಡೆಯುವುದು ನಿಲ್ಲುತ್ತದೆ. ಒತ್ತು ಕೆಳಗಿಳಿಯುವುದರಿಂದ ಬಟನ್ ಒಳಗೆ ಅಕ್ಷರವನ್ನು ಒಂದಿಷ್ಟು ಮೇಲಕ್ಕೆತ್ತಬೇಕಾದೀತು. ಅಸಲಿ ಬಟನ್ ಆಗಿದ್ದರೆ ‘ಪಿಡಿಎಫ್ ಆಪ್ಷನ್ಸ್’ ಕೆಳಗಿನ ‘ಡಿಸ್ಕ್ರಿಪ್ಷನ್’ ತುಂಬಿ, ‘ಸೆಟ್ ಟ್ಯಾಬ್ ಆರ್ಡರ್’ನಲ್ಲಿ ಸರದಿ ಸರಿಪಡಿಸಿ.