ಕೇಬಲ್ ತೆಗೆಸಿ ಓಟಿಟಿ ಹಾಕಿಸಿಕೊಳ್ಳಬಹುದಾ?

ಕೇಬಲ್‌ಗೆ ತಿಂಗಳಿಗೆ 400 ರೂಪಾಯಿ ಹೋಗುತ್ತಿದೆ, ವೈಫೈ ಹೇಗೂ ಇದೆ, ಕೇಬಲ್ ತೆಗೆಸಿ ಓಟಿಟಿ, ಅಂದರೆ ಇಂಟರ್ನೆಟ್‌ನಲ್ಲಿ ಕಾರ್ಯಕ್ರಮ ತೋರಿಸುವ ಆ್ಯಪ್, ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀರಿ. ವಯಸ್ಸಾದ ತಾಯಿ ಜೊತೆಗಿದ್ದಾರೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ದುಡ್ಡಿನ ಲೆಕ್ಕ ಆಮೇಲೆ. ಸಂಜೆ ಆರರಿಂದ ಹತ್ತರವರೆಗೆ ರಿಮೋಟ್ ಯಾರ ಕೈಯಲ್ಲಿರುತ್ತದೆ, ಅದನ್ನು ಮೊದಲು ನೋಡಿ.

ನಮ್ಮನೆಯಲ್ಲಿ ಅದು ಅತ್ತೆಯ ಕೈಯಲ್ಲಿ. ಚಾನೆಲ್ ನಂಬರ್‌ಗಳೆಲ್ಲ ಅವರಿಗೆ ಬಾಯಿಪಾಠ, ಕನ್ನಡಕ ಇಲ್ಲದೆಯೂ ಒತ್ತುತ್ತಾರೆ. ಜಾಹೀರಾತು ಬಂತೋ, ಎದ್ದು ಹೋಗಿ ಅನ್ನಕ್ಕೆ ಇಟ್ಟು ಬರುತ್ತಾರೆ. ಆ್ಯಪ್ ಹಾಗಲ್ಲ. ಪ್ರೊಫೈಲ್ ಯಾವುದು ಅಂತ ಕೇಳುತ್ತದೆ, ಅಪ್‌ಡೇಟ್ ಮಾಡು ಅನ್ನುತ್ತದೆ, ಒಮ್ಮೊಮ್ಮೆ ತಾನಾಗೇ ಲಾಗೌಟ್ ಆಗಿ ಕೂತಿರುತ್ತದೆ. ಓಟಿಪಿ ಹೋಗುವುದು ನಮ್ಮ ಯಜಮಾನರ ಫೋನಿಗೆ, ಅವರೋ ಆಫೀಸಿನಲ್ಲಿ! ಆಮೇಲೂ ನೋಡಬಹುದಲ್ವಾ ಅತ್ತೆ ಅಂದರೆ, "ನಾಳೆ ಎಲ್ಲರೂ ಮಾತಾಡೋದು ಇವತ್ತಿನ ಕತೆ ತಾನೇ" ಅನ್ನುತ್ತಾರೆ.

ಇನ್ನು ಲೆಕ್ಕ. ಕನ್ನಡ ಚಾನೆಲ್‌ಗಳೆಲ್ಲ ಒಂದೇ ಆ್ಯಪ್‌ನಲ್ಲಿಲ್ಲ. ಝೀ ಕನ್ನಡಕ್ಕೆ ಝೀ5, ಉದಯಕ್ಕೆ ಸನ್ ನೆಕ್ಸ್ಟ್, ಕಲರ್ಸ್ ಕನ್ನಡ ಮತ್ತು ಸುವರ್ಣಕ್ಕೆ ಜಿಯೋಹಾಟ್‌ಸ್ಟಾರ್. ಮೂರಕ್ಕೂ ಕಟ್ಟಿದರೆ ಉಳಿತಾಯ ಎಲ್ಲಿಂದ ಬಂತು? ಅಗ್ಗದ ಪ್ಲಾನ್ ಕಂಡ ತಕ್ಷಣ ಕೊಳ್ಳಬೇಡಿ. ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದಿಲ್ಲ. ನ್ಯೂಸ್‌ಗಂತೂ ಸುಮ್ನೆ ದುಡ್ಡು ಕೊಡುವುದೇ ಬೇಡ, ಟಿವಿ9, ಪಬ್ಲಿಕ್ ಟಿವಿ ಎಲ್ಲ ಯೂಟ್ಯೂಬ್‌ನಲ್ಲಿ ಲೈವ್ ಸಿಗುತ್ತವೆ. ಕ್ರಿಕೆಟ್ ಹುಚ್ಚಿದ್ದರೆ ಇನ್ನೊಂದು ಕಿರಿಕಿರಿ: ಆ್ಯಪ್‌ನಲ್ಲಿ ಮ್ಯಾಚ್ ಸ್ವಲ್ಪ ತಡವಾಗಿ ಬರುತ್ತದೆ. ಎದುರು ಮನೆಯವರು ಕೂಗಿದ ಮೇಲೆ ನಿಮ್ಮ ಟಿವಿಯಲ್ಲಿ ವಿಕೆಟ್ ಬೀಳುತ್ತದೆ.

ನನ್ನ ಕೇಳಿದರೆ, ಕೇಬಲ್ ತೆಗೆಸುವುದಕ್ಕಿಂತ ಪ್ಯಾಕ್ ಇಳಿಸುವುದು ವಾಸಿ. 2019ರಲ್ಲಿ ಟ್ರಾಯ್‌ನ (ಫೋನ್, ಕೇಬಲ್ ಸೇವೆಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ) ಹೊಸ ನಿಯಮ ಜಾರಿಗೆ ಬಂದಾಗಿನಿಂದ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಬಹುದು. ಆಪರೇಟರ್ ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಬೇಕು. ಯಾರೂ ನೋಡದ ಇಂಗ್ಲಿಷ್, ಹಿಂದಿ ಪೇ ಚಾನೆಲ್‌ಗಳನ್ನು ತೆಗೆಸಿ. ಉಳಿದ ದುಡ್ಡಿಗೆ ನಿಮಗೆ ಬೇಕಾದ ಒಂದು ಆ್ಯಪ್ ತೆಗೆದುಕೊಳ್ಳಿ. ತಾಯಿಗೆ ಚಂದನ ಸಾಕು ಅನ್ನುವುದಾದರೆ ಡಿಡಿ ಫ್ರೀ ಡಿಶ್ ಇದೆ. ಡಿಶ್‌ಗೆ, ಬಾಕ್ಸ್‌ಗೆ ಒಂದು ಸಲ ಕೊಟ್ಟರೆ ಮುಗೀತು, ತಿಂಗಳ ಬಾಡಿಗೆ ಇಲ್ಲ. ಆದರೆ ಧಾರಾವಾಹಿಯ ಪೇ ಚಾನೆಲ್‌ಗಳು ಅದರಲ್ಲಿ ಬರುವುದಿಲ್ಲ.

ಇಷ್ಟಾದ ಮೇಲೂ ತೆಗೆಸಲೇಬೇಕು ಅಂದರೆ, ಸೆಟ್ ಟಾಪ್ ಬಾಕ್ಸ್ ತಕ್ಷಣ ವಾಪಸ್ ಕೊಡಬೇಡಿ. ಒಂದು ತಿಂಗಳು ರೀಚಾರ್ಜ್ ಮಾಡಿಸದೆ ನೋಡಿ. ತಾಯಿ ಸಂಜೆಯಾಗುತ್ತಲೇ ಪಕ್ಕದ ಮನೆಗೆ ಹೊರಟರೆ ಮತ್ತೆ ಮಾಡಿಸಿಬಿಡಿ.