ವಿಸಿಟ್ ವೀಸಾದ ಮ್ಯಾಲೆ ದುಬೈಗೆ ಹೋಗಬ್ಯಾಡ್ರಿ

ಐಟಿಐ ಎಲೆಕ್ಟ್ರಿಷಿಯನ್ ಇದ್ದೀನಿ, ಏಜೆಂಟ್ ವಿಸಿಟ್ ವೀಸಾದ ಮ್ಯಾಲೆ ದುಬೈಗೆ ಕಳಸ್ತೀನಿ ಅಂತಾನ, ಹೋಗ್ಲೇನು ಅಂತ ಕೇಳೀರಿ. ದಯವಿಟ್ಟು ಹೋಗಬ್ಯಾಡ್ರಿ. ಆ ವೀಸಾದಾಗ ದುಡಿಯೂದು ಅಲ್ಲಿ ಅಪರಾಧ. ಕಲಬುರಗಿ ನಮ್ಮ ಓಣಿ ಹುಡುಗ ಹೊಲ ಅಡವಿಟ್ಟು ಹಂಗೇ ಹೋದ, ಮೂರು ತಿಂಗಳಿಗೆ ಬರಿಗೈಲೆ ಬಂದ. ಅವರವ್ವನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ.

ಮೊದಲು ಕಂಪನಿ ಆಫರ್ ಲೆಟರ್ ಕೈಗೆ ಬರಲಿ. ಏಜೆಂಟನ ಲೈಸೆನ್ಸ್, ಹೊರದೇಶಕ್ಕ ದುಡಿಲಿಕ್ಕೆ ಹೋಗೋರಿಗಂತ ಭಾರತ ಸರ್ಕಾರ ಮಾಡಿದ ಇ-ಮೈಗ್ರೇಟ್ ಪೋರ್ಟಲ್‌ನಾಗ ನೋಡ್ರಿ. 30,000 ರೂಪಾಯಿ ಮತ್ತ ಅದರ ಜಿಎಸ್‌ಟಿ ಮೀರಿ ಅವ ಫೀ ತಗೊಳ್ಳಂಗಿಲ್ಲ. ವೀಸಾ ಖರ್ಚು ಅಲ್ಲಿಯ ಕಾನೂನಿನ ಪ್ರಕಾರ ಮಾಲಕನದೇ.

ಬಿಸಿಲು ನಮಗ ಹೊಸದಲ್ಲ, ಆದ್ರ ಸಮುದ್ರದ ಸೆಕಿ ಬ್ಯಾರೇನೇ, ಬೆವರು ಆರಂಗಿಲ್ಲ. ಮೊದಲ ಸಲ ಹೋಗೂದಾದ್ರ ನವೆಂಬರ್ ಮ್ಯಾಲೆ ಹೋಗ್ರಿ. ಪಾಸ್‌ಪೋರ್ಟ್ ಮಾತ್ರ ಮಾಲಕನ ಹತ್ರ ಇಡಬ್ಯಾಡ್ರಿ.